ಉತ್ತರ ಕೊಡದ ಡಿಸ್ಕು ಮತ್ತು ನಮ್ಮ ಮೇಡಂ

ಜೂನ್ ತಿಂಗಳ ದೆಹಲಿ. ಬೆಳಿಗ್ಗೆಯೇ ರಸ್ತೆಯ ಟಾರು ಚಪ್ಪಲಿಗೆ ಅಂಟುವಂಥ ಬಿಸಿಲು. ಅಂಥದರಲ್ಲಿ ಹತ್ತಿ ಸೀರೆಯ ಮೇಲೆ ಕಂದು ಬಣ್ಣದ ಉಣ್ಣೆ ಸ್ವೆಟರ್ ತೊಟ್ಟು ಮೆಟ್ರೊ ಹತ್ತುತ್ತಿದ್ದವರು ಇಡೀ ಊರಿಗೆ ಒಬ್ಬರೇ, ನಮ್ಮ ಮೇಡಂ. ಸ್ವೆಟರಿನ ಎಡ ಮೊಣಕೈ ಸವೆದುಹೋದ ಕಡೆ ಹಸಿರು ಉಣ್ಣೆಯ ತೇಪೆ. ಗುಂಡಿ ಬಿದ್ದುಹೋದ ಜಾಗದಲ್ಲಿ ಸೇಫ್ಟಿ ಪಿನ್ನು. ಮಹಿಳೆಯರ ಬೋಗಿಯಲ್ಲಿ ಎಲ್ಲರೂ ತಿರುಗಿ ತಿರುಗಿ ನೋಡುತ್ತಿದ್ದರು. ಪಾಪ, ಏನೋ ಕಾಯಿಲೆ ಇರಬೇಕು ಎಂದು ಕೆಲವರು ಎದ್ದು ಸೀಟು ಬಿಟ್ಟುಕೊಡುತ್ತಿದ್ದರು. ಮೇಡಂ ಯಾವ ಸಂಕೋಚವೂ ಇಲ್ಲದೆ ಕೂತುಬಿಡುತ್ತಿದ್ದರು. "ಸರ್ವರ್ ರೂಮಿನಲ್ಲಿ ಮೈ ಕೊರೆಯೋ ಚಳಿ. ಅಲ್ಲಿಗೆ ಹೋದಮೇಲೆ ಹಾಕ್ಕೊಳ್ಳೋಣ ಅಂದ್ರೆ ಮನೆಯಲ್ಲೇ ಮರೆತುಬಿಡ್ತೀನಿ ಕಣೆ, ಅದಕ್ಕೆ ಹಾಕ್ಕೊಂಡೇ ಹೊರಡೋದು," ಎಂದು ನನಗೆ ಹೇಳಿದ್ದರು. ಅವರು ಬೆವರಿದ್ದನ್ನು ನಾನು ಕಂಡಿಲ್ಲ.

ನಮ್ಮದು ಕೇಂದ್ರ ಸರ್ಕಾರದ ಒಂದು ಕಂಪ್ಯೂಟರ್ ಕಚೇರಿ. ಹೆಸರು ಬೇಡ. ದೇಶದ ಮೂಲೆಮೂಲೆಯ ಹಾಸ್ಟೆಲ್ ಮಕ್ಕಳು ವಿದ್ಯಾರ್ಥಿವೇತನಕ್ಕೆ ಹಾಕುವ ಅರ್ಜಿಗಳು ನಮ್ಮ ಯಂತ್ರಗಳಿಗೆ ಬಂದು ಸೇರುತ್ತವೆ. ಆ ಅರ್ಜಿಗಳೆಲ್ಲ ಹೋಗಿ ಕೂರುವ ಜಾಗ ಡಿಸ್ಕುಗಳು. ಡಿಸ್ಕುಗಳನ್ನು ನೋಡಿಕೊಳ್ಳುವ ವಿಭಾಗಕ್ಕೆ ಮೇಡಂ ಮುಖ್ಯಸ್ಥೆ. ತುಮಕೂರಿನವರು. ಎಂ.ಟೆಕ್ ಓದಲು ದೆಹಲಿಗೆ ಬಂದವರು ಇಲ್ಲೇ ಉಳಿದರು. ಮದುವೆಯಾಗಲಿಲ್ಲ. ಜನಕಪುರಿಯ ಮನೆಯಲ್ಲಿ ಅವರೂ, ಗಂಡನನ್ನು ಕಳೆದುಕೊಂಡ ಅವರ ಅಕ್ಕನೂ. ನಾನು ದಾವಣಗೆರೆಯಿಂದ ಬಂದು ಅವರ ಕೈಕೆಳಗೆ ಸೇರಿದ ಎಂಜಿನಿಯರು.

ಸತ್ತವರನ್ನು ದೇವರು ಮಾಡಿ ಬರೆಯುವ ಚಟ ನನಗಿಲ್ಲ. ಮೇಡಂ ಬಾಯಿ ಜೋರು. ಹೊಗಳುವುದೆಂದರೆ ಅವರ ಗಂಟಲಲ್ಲಿ ಮುಳ್ಳು ಸಿಕ್ಕಿದಂತಾಗುತ್ತಿತ್ತು. ನಾನು ಒಂದು ವಾರ ತಲೆಕೆಡಿಸಿಕೊಂಡು ಬರೆದ ಪ್ರೋಗ್ರಾಂ ನೋಡಿ, "ಹ್ಞೂಂ, ನಡೆಯತ್ತೆ, ಆದರೆ ಕುಂಟಿಕೊಂಡು," ಎಂದಿದ್ದರು. ತರಬೇತಿಗೆ ಬಂದ ಹುಡುಗಿಯರು ಬಾತ್‌ರೂಮಿಗೆ ಹೋಗಿ ಅತ್ತದ್ದನ್ನು ನೋಡಿದ್ದೇನೆ. ತಾನೇ ಬುದ್ಧಿವಂತೆ ಎಂಬ ಜಂಬ ಅವರಿಗೆ ಧಾರಾಳವಾಗಿತ್ತು, ಅದನ್ನು ಮುಚ್ಚಿಡುವ ಗೋಜಿಗೂ ಹೋಗುತ್ತಿರಲಿಲ್ಲ. ಊಟಕ್ಕೆ ಕರೆದಾಗ ನಾನು ತಡಮಾಡಿದರೆ ನನ್ನ ಪಾಲಿನ ಚಿತ್ರಾನ್ನವನ್ನೂ ತಿಂದು ಮುಗಿಸುತ್ತಿದ್ದರು. "ಎರಡು ಸಲ ಕರೆದೆ. ಬಾಗಿಲು ತಟ್ಟಿದೆ. ನೀನು ಮಾತಾಡಲಿಲ್ಲ. ಸಿಸ್ಟಂ ನಿನ್ನನ್ನ ಬಿಟ್ಟು ಮುಂದಕ್ಕೆ ಹೋಯ್ತು," ಎನ್ನುತ್ತ ಡಬ್ಬಿ ತೊಳೆಯಲು ಹೋಗುತ್ತಿದ್ದರು.

ಅದು ಬರೀ ತಮಾಷೆಯಲ್ಲ, ಅವರ ಇಡೀ ವಿದ್ಯೆ ಅದೇ ಆಗಿತ್ತು. ಆ ವಿದ್ಯೆಯನ್ನು ನಾನು ಕಲಿತದ್ದು ಮೆಟ್ರೊದಲ್ಲಿ. ನಾನು ದ್ವಾರಕಾದಲ್ಲಿ ಹತ್ತಿ, ಪಕ್ಕದ ಸೀಟಿನ ಮೇಲೆ ಬ್ಯಾಗಿಟ್ಟು, ಜನಕಪುರಿ ಬರುವವರೆಗೆ ನಾಲ್ಕು ಜನರ ಹತ್ತಿರ ಬೈಸಿಕೊಂಡು ಜಾಗ ಹಿಡಿದಿಡುತ್ತಿದ್ದೆ. ಮೇಡಂ ಹತ್ತಿದ ಕೂಡಲೇ ಪಾಠ ಶುರು.

"ಯಂತ್ರ ಡಿಸ್ಕನ್ನ ಕೇಳತ್ತೆ, ಇಂಥ ಕಡತ ಕೊಡು ಅಂತ. ಡಿಸ್ಕು ಮಾತಾಡಲ್ಲ. ಯಂತ್ರ ಏನು ಮಾಡಬೇಕು?"

"ಕಾಯಬೇಕು ಮೇಡಂ."

"ಎಷ್ಟು ಹೊತ್ತು?"

ನಾನು ಬೆರಳು ಮಡಿಸಿ ಎಣಿಸತೊಡಗಿದರೆ ತಾವೇ ಹೇಳುತ್ತಿದ್ದರು.

"ಎಷ್ಟು ಹೊತ್ತು ಅನ್ನೋದೇ ವಿದ್ಯೆ. ಅರ್ಧ ನಿಮಿಷ ಕಾಯಿ. ಕೇಳಿದ್ದನ್ನ ವಾಪಸ್ ತಗೊಂಡು ಇನ್ನೊಂದು ಸಲ ಕೇಳು. ಆಗಲೂ ಮಾತಿಲ್ಲವಾ, ಭುಜ ಹಿಡಿದು ಅಲ್ಲಾಡಿಸು, ಅಂದ್ರೆ ರಿಸೆಟ್ ಮಾಡು. ಆಗಲೂ ಇಲ್ಲವಾ, ಅಷ್ಟೇ. ಹಾಜರಿಯಿಂದ ಅದರ ಹೆಸರು ತೆಗೆ. ಅದೇ ಕಡತ ಜೋಡಿ ಡಿಸ್ಕಿನಲ್ಲೂ ಇರತ್ತಲ್ಲ, ಅದನ್ನ ಕೇಳು. ಕೆಲಸ ನಡೀಬೇಕು."

ಮಾತಾಡುತ್ತ ಅವರ ಕೈ ಗಾಳಿಯಲ್ಲಿ ಕೊಚ್ಚುತ್ತಿತ್ತು. ಒಮ್ಮೆ ಎದುರಿಗಿದ್ದ ಕಾಲೇಜು ಹುಡುಗಿ ನನ್ನ ಕಡೆ ಬಗ್ಗಿ, "ದೀದಿ, ಸಬ್ ಠೀಕ್ ಹೈ?" ಎಂದು ಮೆಲ್ಲಗೆ ಕೇಳಿದಳು. ಅತ್ತೆ ಸೊಸೆಗೆ ಬೈಯುತ್ತಿದ್ದಾರೆ ಎಂದುಕೊಂಡಿರಬೇಕು.

"ಸತ್ತ ಡಿಸ್ಕಿನಿಂದ ಯಾರಿಗೂ ತೊಂದರೆ ಇಲ್ಲ ಕಣೆ," ಎನ್ನುತ್ತಿದ್ದರು. "ಅದು ಸತ್ತೆ ಅಂತಾದ್ರೂ ಹೇಳತ್ತೆ. ಬಂದೆ, ಬಂದೆ ಅಂತ ಕೂರಿಸಿಬಿಡತ್ತಲ್ಲ, ಅದು ಮನೆಹಾಳು ಡಿಸ್ಕು. ಅದರ ಉತ್ತರಕ್ಕೆ ಕಾಯ್ತಾ ಕೂತ ಪ್ರೋಗ್ರಾಂ ಇದೆಯಲ್ಲ, ಅದನ್ನ ಕೊಲ್ಲೋಕೂ ಬರಲ್ಲ. ಸಾಯಿ ಅಂದ್ರೆ, ತಡಿ, ಉತ್ತರ ಬರಲಿ, ಆಮೇಲೆ ಸಾಯ್ತೀನಿ ಅನ್ನತ್ತೆ. ಅದರ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು. ಒಂದು ಡಿಸ್ಕು ಮೌನವಾಗಿ ಕೂತ್ರೆ ಇಡೀ ಮನೆ ಸಾಲುಗಟ್ಟಿ ನಿಲ್ಲತ್ತೆ."

ಈ ಮಾತು ನಮ್ಮ ಕಚೇರಿಗೆ ಎಷ್ಟು ಒಪ್ಪುತ್ತಿತ್ತೆಂದರೆ, ಕೇಳಿದಾಗಲೆಲ್ಲ ನನಗೆ ನಗು ಬರುತ್ತಿತ್ತು. ನಮ್ಮಲ್ಲಿ ಡಿಸ್ಕು ಸಾಯುವುದು ಸುಲಭವಲ್ಲ. ಸತ್ತಿದೆ ಎಂದು ಯಾರಾದರೂ ಸಹಿ ಹಾಕಬೇಕು. ಆಮೇಲೆ ಕಂಡೆಮ್ನೇಷನ್ ಕಮಿಟಿ ಕೂರಬೇಕು, ಅಂದರೆ ಹಾಳಾದ ಸರ್ಕಾರಿ ಸಾಮಾನನ್ನು ಹಾಳಾಗಿದೆ ಎಂದು ಒಪ್ಪಿಕೊಳ್ಳುವ ಸಮಿತಿ. ಕುರ್ಚಿಯ ಕಾಲು ಮುರಿದರೂ ಅದೇ ಸಮಿತಿ, ಡಿಸ್ಕು ಹೋದರೂ ಅದೇ ಸಮಿತಿ. ಸಮಿತಿ ಕೇಳುವ ಮೊದಲ ಪ್ರಶ್ನೆ, ಇಷ್ಟು ಬೇಗ ಯಾಕೆ ಹಾಳಾಯಿತು? ಎರಡನೆಯದು, ಕೊಂಡವರು ಯಾರು? ಆದ್ದರಿಂದ ಯಾವ ಅಧಿಕಾರಿಗೂ ತನ್ನ ಕಾಲದಲ್ಲಿ ಏನೂ ಸಾಯುವುದು ಬೇಕಿರಲಿಲ್ಲ. 'ನಿಧಾನವಾಗಿದೆ', 'ಗಮನಿಸಲಾಗುತ್ತಿದೆ' ಎಂದು ಬರೆದು ವರ್ಗಾವಣೆಯಾಗುವವರೆಗೆ ದೂಡುತ್ತಿದ್ದರು. ಮೇಡಂ ಮಾತ್ರ ಸತ್ತದ್ದನ್ನು ಸತ್ತಿದೆ ಎಂದೇ ಬರೆಯುತ್ತಿದ್ದರು. ಮೇಲಿನವರಿಗೆ ಅವರನ್ನು ಕಂಡರೆ ಆಗದಿರಲು ಅದೊಂದೇ ಸಾಕಾಗಿತ್ತು.

ಇನ್ನೊಂದು ಅಭ್ಯಾಸ. ಯಾರು ಏನು ಬಾಯಲ್ಲಿ ಹೇಳಿದರೂ ಅವರ ಉತ್ತರ ಒಂದೇ, "ಲಿಖ್ ಕೆ ದೀಜಿಯೇ." ಬರೆದು ಕೊಡಿ. ಸಾಮಾನು ಪೂರೈಸುವವನು ನಾಳೆ ಬರುತ್ತೇನೆ ಎಂದರೆ, ಲಿಖ್ ಕೆ ದೀಜಿಯೇ. ಪಕ್ಕದ ವಿಭಾಗದವರು ಒಂದು ಕುರ್ಚಿ ಎರವಲು ಕೇಳಿದರೂ ಲಿಖ್ ಕೆ ದೀಜಿಯೇ. ಇಡೀ ಕಚೇರಿ ಬೆನ್ನ ಹಿಂದೆ ಅವರನ್ನು ಹಾಗೇ ಕರೆಯುತ್ತಿತ್ತು. ಅವರಿಗೂ ಗೊತ್ತಿತ್ತು. ಖುಷಿಯೇ ಇತ್ತು.

ಆದರೆ ಎದುರಿಗಿದ್ದವರು ಕನ್ನಡದಲ್ಲಿ ಬಾಯಿಬಿಟ್ಟರೆ ಮೇಡಂ ಬೆಣ್ಣೆಯಾಗುತ್ತಿದ್ದರು. ಯಾವುದೋ ಕೆಲಸಕ್ಕೆ ಬಂದವರ ಬಾಯಲ್ಲಿ 'ಅಯ್ಯೋ' ಎಂಬ ಶಬ್ದ ಕೇಳಿದರೂ ಸಾಕು, ಕರೆದು ಕೂರಿಸಿ ತಮ್ಮ ಫ್ಲಾಸ್ಕಿನ ಕಾಫಿ ಕೊಡುತ್ತಿದ್ದರು. ಯಾವ ಊರು, ಯಾವ ಬೀದಿ, ಅಲ್ಲಿ ಇಂಥವರು ಗೊತ್ತಾ. ದಿನವಿಡೀ ಹಿಂದಿ, ಇಂಗ್ಲಿಷಿನಲ್ಲಿ ಬದುಕಿ ನಾಲಿಗೆ ಮರಗಟ್ಟಿದ ದೆಹಲಿ ಕನ್ನಡಿಗರಿಗೆಲ್ಲ ಇರುವ ರೋಗ ಇದು, ನನಗೂ ಇದೆ. ನಮ್ಮವರು ಎಂಬ ಒಂದು ಶಬ್ದದ ಮುಂದೆ ನಮ್ಮ ಬುದ್ಧಿಯೆಲ್ಲ ಕೈಕಟ್ಟಿ ನಿಲ್ಲುತ್ತದೆ. ಮೇಡಂ ಹಾಳಾದದ್ದು ಅದರಿಂದ.

ನಮ್ಮ ಕಚೇರಿಗೆ ಹೊಸ ಜಂಟಿ ನಿರ್ದೇಶಕರು ಬಂದರು. ಕನ್ನಡದವರು. ಬೆಣ್ಣೆಯಲ್ಲಿ ಕೂದಲು ತೆಗೆದಂಥ ಮಾತು. ಬಂದ ವಾರವೇ ಮೇಡಮ್ಮಿನ ಕೋಣೆಗೆ ತಾವಾಗಿ ಬಂದು, "ನಮ್ಮ ಹೆಣ್ಣುಮಗಳು ಇಷ್ಟು ದೊಡ್ಡ ವಿಭಾಗ ನಡೆಸ್ತಿದಾರೆ ಅಂದ್ರೆ ಎದೆ ಉಬ್ಬತ್ತೆ ಮೇಡಂ," ಎಂದರು. ಮೇಡಂ ಮೂರು ದಿನ ಅದನ್ನೇ ಹೇಳಿಕೊಂಡು ತಿರುಗಿದರು. ನಾನು ಆಗಲೇ ಒಂದು ವಿಷಯ ಗಮನಿಸಿದ್ದೆ. ಈ ಮನುಷ್ಯ ಬರೆಯುವುದು ಇಂಗ್ಲಿಷಿನಲ್ಲಿ, ಬೈಯುವುದು ಹಿಂದಿಯಲ್ಲಿ. ಕನ್ನಡ ಬರುತ್ತಿದ್ದುದು, ಯಾರಿಗೂ ಗೊತ್ತಾಗದಂತೆ ಏನಾದರೂ ಆಗಬೇಕಿದ್ದಾಗ. ಮೇಡಮ್ಮಿಗೆ ಹೇಳಿದರೆ, "ನಿನ್ನ ಕಣ್ಣೇ ಸರಿಯಿಲ್ಲ," ಎಂದು ಗದರಿದರು.

ಅದೇ ವರ್ಷ ಜಂಟಿ ನಿರ್ದೇಶಕರು ಸಹಿ ಹಾಕಿ ತರಿಸಿದ ಡಿಸ್ಕುಗಳು ಬಂದವು. ಕಳಪೆ ಮಾಲು. ಒಂದೊಂದಾಗಿ ಮಾತು ನಿಲ್ಲಿಸತೊಡಗಿದವು. ನಮ್ಮ ಯಂತ್ರ ಮೇಡಂ ಹೇಳಿಕೊಟ್ಟ ಹಾಗೆಯೇ ಅರ್ಧ ನಿಮಿಷ ಕಾದು, ಅಲ್ಲಾಡಿಸಿ ನೋಡಿ, ಹೊರಗೆ ಹಾಕುತ್ತಿತ್ತು. ಮೇಡಂ ಸತ್ತಿದೆ, ಸತ್ತಿದೆ ಎಂದು ಬರೆಯುತ್ತಿದ್ದರು. ಸಚಿವಾಲಯದವರು ಪರಿಶೀಲನೆಗೆ ಬರುವ ದಿನ ಹತ್ತಿರವಾಗುತ್ತಿತ್ತು.

ಆ ಭಾನುವಾರ ಜಂಟಿ ನಿರ್ದೇಶಕರು ನಮ್ಮಿಬ್ಬರನ್ನೂ ಚಾಣಕ್ಯಪುರಿಯ ನಮ್ಮ ರಾಜ್ಯದ ಅತಿಥಿಗೃಹಕ್ಕೆ ಊಟಕ್ಕೆ ಕರೆದರು. ಬಿಸಿಬೇಳೆಬಾತು, ಬೂಂದಿ, ಮಜ್ಜಿಗೆ. ತಾವೇ ಎದ್ದು ಹೋಗಿ ಮೇಡಮ್ಮಿಗೆ ಎರಡನೇ ಸಲ ಬಡಿಸಿಕೊಂಡು ಬಂದರು. ಊಟದ ಮಧ್ಯೆ ಏನೋ ಈಗ ನೆನಪಾದವರಂತೆ ಶುರುಮಾಡಿದರು.

"ಮೇಡಂ, ಡಿಸ್ಕು ಸ್ವಲ್ಪ ನಿಧಾನ ಅಂದ ಕೂಡಲೇ ಹೊರಗೆ ಹಾಕಿಬಿಡ್ತೀರಂತೆ. ಸ್ವಲ್ಪ ಟೈಮ್ ಕೊಟ್ಟು ನೋಡಬಾರದಾ?"

"ಸಾರ್, ಅರ್ಧ ನಿಮಿಷದಲ್ಲಿ ಮಾತಾಡದ ಡಿಸ್ಕು ಹತ್ತು ನಿಮಿಷದಲ್ಲೂ ಮಾತಾಡಲ್ಲ. ಕಾಯೋ ಸಮಯ ಹೆಚ್ಚು ಮಾಡಿದ್ರೆ ಅದು ಸತ್ತಿರೋದು ಗೊತ್ತಾಗಲ್ಲ ಅಷ್ಟೇ. ಅರ್ಜಿ ಹಾಕೋರು ಮುಂದೆ ಕೂತು ಒಣಗ್ತಾರೆ."

"ನನಗೆ ಗೊತ್ತಿಲ್ವಾ ಮೇಡಂ. ನಾನೇನು ಶಾಶ್ವತವಾಗಿ ಹೇಳ್ತಿದೀನಾ? ಪರಿಶೀಲನೆ ಒಂದು ಮುಗೀಲಿ. ಆಮೇಲೆ ಎಲ್ಲಾ ಡಿಸ್ಕು ಬದಲಾಯಿಸೋಣ. ಅಲ್ಲೀವರೆಗೆ ಯಂತ್ರ ಸ್ವಲ್ಪ ತಾಳ್ಮೆಯಿಂದ ಇರಲಿ. ಏನಾದ್ರೂ ಆದ್ರೆ ನಾನಿದೀನಲ್ಲ. ಭಾರ ನನ್ನ ಮೇಲೆ ಹಾಕಿ."

ಮೇಡಂ ತಟ್ಟೆಯಲ್ಲಿದ್ದ ಬೂಂದಿಯನ್ನು ಒಂದು ಕಡೆಗೆ ಸರಿಸಿದರು, ಇನ್ನೊಂದು ಕಡೆಗೆ ಸರಿಸಿದರು. ಬೇರೆ ಯಾರಾದರೂ ಆಗಿದ್ದರೆ ಆ ಕ್ಷಣವೇ ಬೀಳಬೇಕಿದ್ದ ಮಾತು ಬೀಳಲಿಲ್ಲ. "ಆಯ್ತು ಸಾರ್, ಪರಿಶೀಲನೆ ಮುಗಿಯೋವರೆಗೆ ಮಾತ್ರ," ಎಂದರು.

ವಾಪಸು ಬರುವಾಗ ಆಟೊದಲ್ಲಿ ನಾನು ತಡೆಯಲಾರದೆ ಕೇಳಿದೆ. "ಬರೆದು ಕೊಡಿ ಅನ್ನಬೇಕಿತ್ತು ಮೇಡಂ."

"ಛೆ, ಕನ್ನಡದಲ್ಲಿ ಕೂತು ಬಡಿಸಿ ಮಾತಾಡಿದವರ ಹತ್ರ ಲಿಖ್ ಕೆ ದೀಜಿಯೇ ಅನ್ನಕ್ಕಾಗತ್ತಾ? ನಾಚಿಕೆ ಆಗಲ್ವಾ?"

"ನಮ್ಮ ವಿಭಾಗದ ಶರ್ಮಾನೇ ಕೇಳಿದ್ರೆ ಬರೆಸಿಕೊಳ್ಳದೆ ಬಿಡ್ತಿದ್ರಾ?"

"ಶರ್ಮಾ ಬೇರೆ. ಇವರು ನಮ್ಮವರು."

ಮಾರನೆಯ ದಿನ ತಮ್ಮ ಹೆಸರಿನ ಲಾಗಿನ್ನಿನಿಂದಲೇ ಯಂತ್ರ ಕಾಯುವ ಸಮಯವನ್ನು ಹತ್ತು ನಿಮಿಷಕ್ಕೆ ಏರಿಸಿದರು. ಒತ್ತುವ ಮುಂಚೆ ಕೀಲಿಯ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ಕೂತಿದ್ದರು. ಪರಿಶೀಲನೆಯವರು ಬಂದರು, ಒಂದೂ ಡಿಸ್ಕು ಸತ್ತಿಲ್ಲವೆಂದು ಮೆಚ್ಚಿ ಹೋದರು. ಜಂಟಿ ನಿರ್ದೇಶಕರಿಗೆ ಶಾಲು ಸಿಕ್ಕಿತು. ಮೇಡಂ ಹಳೆಯ ಲೆಕ್ಕಕ್ಕೆ ವಾಪಸು ತರುತ್ತೇನೆ ಎಂದು ಹೋದರೆ, "ಅವಸರ ಯಾಕೆ ಮೇಡಂ, ಹೊಸ ಡಿಸ್ಕು ಬರಲಿ," ಎಂದರು. ಇನ್ನೊಮ್ಮೆ ಹೋದರೆ, "ಈ ವಾರ ಮುಗೀಲಿ." ಹೊಸ ಡಿಸ್ಕು ಬರಲಿಲ್ಲ. ವಿದ್ಯಾರ್ಥಿವೇತನದ ಅರ್ಜಿಗೆ ಕಡೆಯ ದಿನ ಬಂತು.

ಆ ದಿನ ಕಚೇರಿ ತೆರೆಯುವಷ್ಟರಲ್ಲೇ ಫೋನುಗಳು ಶುರುವಾಗಿದ್ದವು. ಅರ್ಜಿ ತೆರೆಯುತ್ತದೆ, ಕಳುಹಿಸು ಎಂದರೆ ಪರದೆಯ ಮೇಲೆ ಒಂದು ಚಕ್ರ ತಿರುಗುತ್ತಲೇ ಇರುತ್ತದೆ. ಕನ್ನಡ ಬರುವವರೆಂದು ಒಂದು ಕರೆಯನ್ನು ನನಗೆ ಕೊಟ್ಟರು. ಯಾದಗಿರಿ ಕಡೆಯ ಒಂದು ಹೆಣ್ಣುಮಕ್ಕಳ ಹಾಸ್ಟೆಲಿನ ವಾರ್ಡನ್. "ಮೇಡಮ್ಮಾರೆ, ಮುಂಜಾನಿಂದ ಹುಡುಗ್ಯಾರ್ನ ಕರ್ಕೊಂಡು ಕಂಪ್ಯೂಟರ್ ಅಂಗಡ್ಯಾಗ ಕುಂತೀನ್ರಿ. ಒಂದೂ ಅರ್ಜಿ ಹೋಗವಲ್ದು. ಇವತ್ತು ತಪ್ಪಿದ್ರ ಇವ್ರ ಓದು ನಿಂತು ಹೋಗ್ತೈತ್ರಿ," ಎಂದರು. ಮೇಡಂ ನನ್ನ ಕೈಯಿಂದ ಫೋನು ಕಿತ್ತುಕೊಂಡು, "ಕೂತಿರಿ ತಾಯಿ, ಎದ್ದು ಹೋಗಬೇಡಿ, ಮಾಡ್ತೀನಿ," ಎಂದರು.

ನಾವು ಸರ್ವರ್ ರೂಮಿಗೆ ಓಡಿದೆವು. ಮೇಡಂ ಹೇಳುತ್ತಿದ್ದುದೆಲ್ಲ ಕಣ್ಣೆದುರೇ ನಡೆಯುತ್ತಿತ್ತು. ಒಂದು ಡಿಸ್ಕು ಉತ್ತರ ಕೊಡುತ್ತಿರಲಿಲ್ಲ. ಯಂತ್ರ ಅದಕ್ಕಾಗಿ ಹತ್ತು ನಿಮಿಷ ಕಾಯುತ್ತಿತ್ತು, ಮತ್ತೆ ಕೇಳುತ್ತಿತ್ತು, ಮತ್ತೆ ಹತ್ತು ನಿಮಿಷ. ಒಂದೊಂದು ಕಡತಕ್ಕೂ ಹೀಗೆಯೇ, ಡಿಸ್ಕನ್ನು ಹೊರಗೆ ಹಾಕುವ ಹಂತ ಬರುತ್ತಲೇ ಇರಲಿಲ್ಲ. ಹಿಂದೆ ದೇಶದ ಅರ್ಜಿಗಳೆಲ್ಲ ನಿಂತಿದ್ದವು. ಸಮಯ ತಗ್ಗಿಸಲು ಮೇಡಂ ಆಜ್ಞೆ ಟೈಪು ಮಾಡಿದರು, ಆ ಆಜ್ಞೆಯೂ ಹೋಗಿ ಅದೇ ಸಾಲಿನಲ್ಲಿ ನಿಂತಿತು. ಹೊಸದಾಗಿ ಒಳಗೆ ಹೋಗಲು ನೋಡಿದರೆ ಬಾಗಿಲೇ ತೆರೆಯಲಿಲ್ಲ. ಉಳಿದದ್ದು ಒಂದೇ, ಆ ಡಿಸ್ಕನ್ನು ಕೈಯಾರೆ ಎಳೆದು ಹಾಕುವುದು. ಅದಕ್ಕೆ ಜಂಟಿ ನಿರ್ದೇಶಕರ ಅನುಮತಿ ಬೇಕು. ಅವರಿಗೆ ಫೋನು ಮಾಡಿದರು. ಗಂಟೆ ಹೊಡೆಯಿತು, ಎತ್ತಲಿಲ್ಲ. ಮತ್ತೆ ಮಾಡಿದರು. ಅವರ ಆಪ್ತ ಸಹಾಯಕನಿಗೆ ಮಾಡಿದರೆ, "ಸಾಬ್ ಮೀಟಿಂಗ್ ಮೇ ಹೈಂ." ನನ್ನನ್ನು ಅವರ ಕೋಣೆಗೆ ಅಟ್ಟಿದರು, ಕೋಣೆಗೆ ಬೀಗ. ಮಧ್ಯಾಹ್ನ ಆಗಿಹೋಯಿತು. ವಾರ್ಡನ್ ಇನ್ನೂ ಅಂಗಡಿಯಲ್ಲೇ ಇದ್ದರು.

"ಸಾಕು," ಎಂದರು ಮೇಡಂ. ಸ್ವೆಟರಿನ ತೋಳು ಮೇಲಕ್ಕೆ ಸರಿಸಿ, ಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಸಾಲಿನಲ್ಲಿದ್ದ ಆ ಒಂದು ಡಿಸ್ಕಿನ ಹಿಡಿ ಬಿಚ್ಚಿ ಎಳೆದರು. ಅಲುಗುವ ಹಲ್ಲು ಕಿತ್ತಷ್ಟೇ ಸಲೀಸಾಗಿ ಬಂತು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಜೋಡಿ ಡಿಸ್ಕಿನ ದೀಪ ಪಟಪಟ ಮಿನುಗತೊಡಗಿತು. ಸಾಲು ಕರಗಿತು. ಯಾದಗಿರಿಯ ಹುಡುಗಿಯರ ಅರ್ಜಿಗಳು ಹೋದವು. ಆದರೆ ಬೆಳಿಗ್ಗೆಯಿಂದ ಕಾದು ಕಾದು ಸಾಕಾಗಿ ಬಸ್ಸು ಹಿಡಿದು ಮನೆಗೆ ಹೋಗಿದ್ದವರು ಎಷ್ಟೋ ಜನ. ಅವರ ಅರ್ಜಿ ಹೋಗಲಿಲ್ಲ. ಆ ವರ್ಷ ಅವರಿಗೆ ಮತ್ತೆ ಬಾಗಿಲು ತೆರೆಯಲಿಲ್ಲ.

ಸುದ್ದಿ ಪತ್ರಿಕೆಗೆ ಹೋಯಿತು. ಸಚಿವಾಲಯ ವಿವರಣೆ ಕೇಳಿತು. ಜಂಟಿ ನಿರ್ದೇಶಕರು ಬರೆದ ವಿವರಣೆಯನ್ನು ಆಮೇಲೆ ನಾನು ಓದಿದೆ. ಇಂಗ್ಲಿಷು ಬಹಳ ಚೆನ್ನಾಗಿತ್ತು. ಆ ದಿನ ಯಾವ ಡಿಸ್ಕೂ ಕೆಟ್ಟ ದಾಖಲೆ ಯಂತ್ರದಲ್ಲಿಲ್ಲ. ಯಂತ್ರ ಕಾಯುವ ಸಮಯವನ್ನು ಬದಲಿಸಿದ್ದು ವಿಭಾಗದ ಮುಖ್ಯಸ್ಥೆಯ ಲಾಗಿನ್ನಿನಿಂದ. ದಾಖಲೆಯ ಪ್ರಕಾರ ಕೆಲಸ ಮಾಡುತ್ತಿದ್ದ ಡಿಸ್ಕೊಂದನ್ನು ಅನುಮತಿಯಿಲ್ಲದೆ ಕೈಯಾರೆ ಕಿತ್ತವರೂ ಅವರೇ. ಇಷ್ಟು.

ಒಂದೊಂದು ವಾಕ್ಯವೂ ನಿಜ, ಅದೇ ಹೊಟ್ಟೆ ಉರಿಸುವುದು. ಸಮಯ ಹೆಚ್ಚಿಸಿದ್ದೇ ಡಿಸ್ಕು ಸತ್ತದ್ದು ದಾಖಲಾಗದಿರಲೆಂದು. ದಾಖಲಾಗಲಿಲ್ಲ. ಕಾಯುತ್ತಿದ್ದ ಪ್ರೋಗ್ರಾಮುಗಳ ಹೆಸರುಗಳು ಸಾಲಾಗಿ ಇದ್ದವು, ಕಾಯಿಸಿದವನ ಹೆಸರು ಎಲ್ಲೂ ಇರಲಿಲ್ಲ. ಇಡೀ ದಿನದ ದಾಖಲೆಯಲ್ಲಿ ಡಿಸ್ಕಿನ ಬಗ್ಗೆ ಇದ್ದ ಒಂದೇ ಸಾಲು, ಅದನ್ನು ಹೊರಗೆಳೆಯಲಾಗಿದೆ ಎಂಬುದು.

ಮೇಡಂ ಮೇಲೆ ಇಲಾಖಾ ವಿಚಾರಣೆಯ ಚಾರ್ಜ್‌ಶೀಟ್ ಹಾಕಿದರು. ಅವತ್ತು ಅವರು ಜಂಟಿ ನಿರ್ದೇಶಕರ ಕೋಣೆಗೆ ಹೋಗಿ ಬಂದರು. "ನನ್ನ ಜೊತೆ ಹಿಂದಿಯಲ್ಲಿ ಮಾತಾಡಿದ್ರು ಕಣೆ," ಎಂದರು.

ವಿಚಾರಣೆಗೆ ಬಂದವರು ನಿವೃತ್ತ ಅಧಿಕಾರಿ, ಸೌಮ್ಯ ಮನುಷ್ಯ. ನಾನು ಸಾಕ್ಷಿ ಹೇಳಿದೆ. ಯಾರೂ ಕರೆದಿರಲಿಲ್ಲ, ನಾನೇ ಅರ್ಜಿ ಕೊಟ್ಟು ಹೋದೆ. ಊಟಕ್ಕೆ ಕರೆದದ್ದು, ಬಡಿಸಿದ್ದು, ಹೇಳಿದ್ದು, ಎಲ್ಲ ಹಿಂದಿಯಲ್ಲಿ ಒಂದೂ ಬಿಡದೆ ಹೇಳಿದೆ.

"ಬೇಟಿ, ಇದು ಆದೇಶವಾಗಿತ್ತೋ, ಮಾತುಕತೆಯಾಗಿತ್ತೋ?" ಎಂದು ಕೇಳಿದರು.

"ನಮ್ಮ ಮೇಲಧಿಕಾರಿ ಹೇಳಿದರು ಸಾರ್. ಆದೇಶವೇ."

"ಲಿಖಿತ್ ಮೇ ಕುಛ್ ಹೈ?"

ಬರವಣಿಗೆಯಲ್ಲಿ ಏನಿದೆ ಮಣ್ಣು. ಜಂಟಿ ನಿರ್ದೇಶಕರು ಬಂದು, ಒಂದೇ ರಾಜ್ಯದವರೆಂದು ಆಗಾಗ ಊಟ ಮಾಡುವುದುಂಟು, ಕಚೇರಿಯ ವಿಷಯ ಆಡಿದ ನೆನಪಿಲ್ಲ ಎಂದು ಹೇಳಿ ಕೈತೊಳೆದುಕೊಂಡರು. ವಿಚಾರಣಾಧಿಕಾರಿ ನನ್ನ ಸಾಕ್ಷಿಯನ್ನು 'ಸ್ನೇಹಪೂರ್ವಕ ಸಂಭಾಷಣೆ' ಎಂದು ಬರೆದುಕೊಂಡರು. ಮೂವತ್ತು ವರ್ಷ ಇಡೀ ಕಚೇರಿಗೆ ಬರೆದು ಕೊಡಿ ಎಂದು ಕಾಟ ಕೊಟ್ಟ ಹೆಂಗಸು, ಒಂದೇ ಒಂದು ಸಲ ಕೇಳಲಿಲ್ಲ.

ತೀರ್ಪು ಬರುವ ಮೊದಲೇ ನಿವೃತ್ತಿಯ ದಿನ ಬಂತು. ನಮ್ಮಲ್ಲಿ ನಿವೃತ್ತರಾಗುವವರಿಗೆ ಹಾರ, ಸಮೋಸಾ, ಗುಂಪು ಫೋಟೊ, ಕಚೇರಿ ಕಾರಿನಲ್ಲಿ ಮನೆಯವರೆಗೆ ಮೆರವಣಿಗೆ. ಕಸ ಗುಡಿಸುವವರಿಗೂ ತಪ್ಪುವುದಿಲ್ಲ. ವಿಚಾರಣೆ ನಡೆಯುತ್ತಿದ್ದವರಿಗೆ ಮಾಡಿದರೆ ಮೇಲಿನವರು ಏನೆನ್ನುತ್ತಾರೋ ಎಂದು ಯಾರೂ ಮಾಡಲಿಲ್ಲ. ನಾನೊಬ್ಬಳು ಹಾರ ತಂದೆ. "ಮೆಟ್ರೊದಲ್ಲಿ ಇದನ್ನ ಹಾಕ್ಕೊಂಡು ಹೋದ್ರೆ ಮದುಮಗಳು ಅಂತಾರೆ, ಚೀಲದಲ್ಲಿಡು," ಎಂದರು. ಮನೆಯಲ್ಲಿ ಅಕ್ಕ ಅಕ್ಕಪಕ್ಕದವರಿಗೆಲ್ಲ ಹೇಳಿ, ಆರತಿ ತಟ್ಟೆ ಹಿಡಿದು ಕೆಳಗೆ ನಿಂತಿದ್ದರು, ಕಚೇರಿಯ ಕಾರು ಬರುತ್ತದೆಂದು. ನಾವಿಬ್ಬರು ನಡೆದು ಬಂದೆವು. ಅಕ್ಕನ ಹಿಂದೆ ನಿಂತಿದ್ದ ಪಕ್ಕದ ಮನೆಯಾಕೆ ರಸ್ತೆಯ ಕಡೆ ಇಣುಕಿ, "ಗಾಡಿ ಪೀಛೇ ಆ ರಹೀ ಹೈ ಕ್ಯಾ?" ಎಂದಳು, ಕಾರು ಹಿಂದೆ ಬರುತ್ತಿದೆಯಾ ಅಂತ. ಮೇಡಂ ಆರತಿ ಎತ್ತಿಸಿಕೊಂಡು ಮೆಟ್ಟಿಲು ಹತ್ತಿದರು.

ಆಮೇಲಿನದು ಕಾಯುವುದು. ನಾನು ಭಾನುವಾರಗಳಲ್ಲಿ ಜನಕಪುರಿಗೆ ಹೋಗುತ್ತಿದ್ದೆ. ಬಾಗಿಲು ತೆಗೆದ ಕೂಡಲೇ, "ಏನಾದ್ರೂ ಬಂತಾ?" ವಿಚಾರಣಾ ವರದಿ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗುತ್ತಿತ್ತು. ಕೇಳಿದರೆ, ಪ್ರಕ್ರಿಯೆಯಲ್ಲಿದೆ. ಮೇಡಂ ನೆನಪೋಲೆ ಬರೆದರು, ಮತ್ತೆ ಬರೆದರು, ತಾವೇ ಹೋಗಿ ಗೇಟಿನಲ್ಲಿ ಕೂತು ಬಂದರು. "ತಪ್ಪು ಅಂದ್ರೆ ತಪ್ಪು ಅನ್ಲಿ. ಶಿಕ್ಷೆ ಕೊಡ್ಲಿ, ಕೋರ್ಟಿಗೆ ಹೋಗ್ತೀನಿ. ಇಲ್ಲ ಅಂದ್ರೆ ಇಲ್ಲ ಅನ್ಲಿ. ಏನೂ ಅನ್ನದೆ ಇಟ್ಟಿದಾರಲ್ಲ," ಎನ್ನುತ್ತಿದ್ದರು. ಒಮ್ಮೆ ನಗುತ್ತಲೇ, "ನಾನೂ ಆ ಪ್ರೋಗ್ರಾಂ ಥರ ಆಗಿಬಿಟ್ಟೆ ಕಣೆ. ಸಾಯೋಕೂ ಬಿಡ್ತಿಲ್ಲ," ಎಂದರು. ಅಡುಗೆಮನೆಯಲ್ಲಿದ್ದ ಅಕ್ಕನಿಗೆ ಕೇಳಿಸಿ, ಸೌಟು ಎತ್ತಿ ಬಿಸಾಡಿ, "ಅಂಥ ಮಾತು ಆಡಬೇಡ ಅಂದಿದೀನಿ," ಎಂದು ಅತ್ತರು.

ಆದರೆ ಸಾವು ಅನುಮತಿಗೆ ಕಾಯಲಿಲ್ಲ. ನವೆಂಬರಿನ ಹೊಗೆ ಊರನ್ನು ತುಂಬಿದ ವಾರ ಅವರಿಗೆ ಉಸಿರಾಟದ ತೊಂದರೆ ಶುರುವಾಯಿತು. ಆಸ್ಪತ್ರೆಗೆ ಸೇರಿಸಿದೆವು, ಎರಡೂ ಶ್ವಾಸಕೋಶಕ್ಕೆ ನ್ಯುಮೋನಿಯ. ಮುಖಕ್ಕೆ ಆಮ್ಲಜನಕದ ಮಾಸ್ಕು ಹಾಕಿದ್ದರು. ನನ್ನನ್ನು ಕಂಡು ಅದನ್ನು ಸರಿಸಲು ನೋಡಿದರು. ನರ್ಸು ಕೈ ಹಿಡಿದಳು. ಏನು ಕೇಳುತ್ತಿದ್ದಾರೆಂದು ನನಗೆ ಗೊತ್ತಿತ್ತು. ಇನ್ನೂ ಇಲ್ಲ ಎಂದು ತಲೆಯಾಡಿಸಿದೆ. ಮಾರನೆಯ ಬೆಳಿಗ್ಗೆ ಹೋದರು.

ಅವರು ಹೋದ ಮೇಲೆ ಸರ್ಕಾರ ಚುರುಕಾಯಿತು. ಆರೋಪಿತ ಅಧಿಕಾರಿ ಮೃತರಾದ ಕಾರಣ ಪ್ರಕರಣವನ್ನು ಮುಕ್ತಾಯಗೊಳಿಸಲಾಗಿದೆ. ತಪ್ಪಿತಸ್ಥರೆಂದೂ ಇಲ್ಲ, ಅಲ್ಲವೆಂದೂ ಇಲ್ಲ. ಯಾರೂ ಸಹಿ ಹಾಕಿ ಹೇಳಬೇಕಾದ ಅಗತ್ಯವೇ ಬೀಳಲಿಲ್ಲ. ಅಕ್ಕನಿಗೆ ಫೋನಿನಲ್ಲಿ ಓದಿ ಹೇಳಿದೆ. "ಅಂದ್ರೆ ಅವಳ ತಪ್ಪಿರಲಿಲ್ಲ ಅಂತ ತಾನೆ?" ಎಂದು ಕೇಳಿದರು. ಹಾಗೆ ಬರೆದಿಲ್ಲ ಅಕ್ಕ ಎಂದೆ.

ಆ ವಾರವೇ ಕಚೇರಿಯ ಕ್ಯಾಂಟೀನಿನಲ್ಲಿ ಜಂಟಿ ನಿರ್ದೇಶಕರು ತಟ್ಟೆ ಹಿಡಿದು ನನ್ನೆದುರು ಬಂದು ಕೂತರು. ಬಹಳ ದಿನಗಳ ಮೇಲೆ ಕನ್ನಡ.

"ಕೇಸು ಮುಗೀತಲ್ಲಮ್ಮ. ಒಳ್ಳೇದಾಯ್ತು. ಪಾಪ, ಒಳ್ಳೆ ಹೆಂಗಸು. ಅವರ ಹೆಸರಿಗೆ ಈಗ ಯಾವ ಕಳಂಕಾನೂ ಇಲ್ಲ."

"ಅದನ್ನೇ ಬರೆದು ಕೊಡಿ ಸಾರ್," ಎಂದೆ. "ಸಮಯ ಹೆಚ್ಚಿಸೋಕೆ ಹೇಳಿದ್ದು ನಾನೇ, ಅವರ ತಪ್ಪಿಲ್ಲ ಅಂತ. ಅವರ ಅಕ್ಕನಿಗೆ ತೋರಿಸಬೇಕು. ಒಂದು ಸಾಲು ಸಾಕು."

ಅವರು ತುತ್ತು ಅಗಿಯುತ್ತಲೇ ನನ್ನನ್ನು ನೋಡಿದರು. ಸಿಟ್ಟಿರಲಿಲ್ಲ. ಸ್ವಂತ ಮಗಳಿಗೆ ಬುದ್ಧಿ ಹೇಳುವಷ್ಟು ಮೆತ್ತಗಿನ ದನಿಯಲ್ಲಿ ಹೇಳಿದರು, "ನಿನಗಿನ್ನೂ ಸರ್ವಿಸ್ ಬಹಳ ಇದೆಯಲ್ಲಮ್ಮ."

ಇದೆ. ನನಗೆ ವಿದ್ಯೆ ಕೊಟ್ಟವರು ಮೇಡಂ, ಈಗ ತಿನ್ನುತ್ತಿರುವ ಅನ್ನವೂ ಆ ವಿದ್ಯೆಯದೇ. ಆದ್ದರಿಂದ, ಯಾವ ಸಮಿತಿಯೂ ಕೂತು ಹೇಳದಿದ್ದುದನ್ನು ನಾನು ಬರೆದುಕೊಡುತ್ತಿದ್ದೇನೆ. ಆ ಡಿಸ್ಕು ಬೆಳಿಗ್ಗೆಯಿಂದಲೇ ಸತ್ತಿತ್ತು. ಅದನ್ನು ಸತ್ತಿದೆ ಎನ್ನದಂತೆ ಮಾಡಿಸಿದವರು ಬೇರೆಯವರು. ಮೇಡಂ ಅದನ್ನು ಎಳೆದು ಹಾಕಿದ್ದರಿಂದ ಮಕ್ಕಳ ಅರ್ಜಿಗಳು ಹೋದವು. ತಪ್ಪು ಮೇಡಮ್ಮಿನದಲ್ಲ.